ಮಸಾಲೆ ಮತ್ತು ಪರಿಮಳಯುಕ್ತ ಚಹಾ ಮಿಶ್ರಣಗಳು: ರುಚಿ ಪರೀಕ್ಷೆ ಮತ್ತು ಲೆಕ್ಕಪತ್ರ

ಏಲಕ್ಕಿ, ಶುಂಠಿ, ಲವಂಗ, ದಾಲ್ಚಿನ್ನಿಗಳನ್ನು ಬೆರೆಸಿದ ಮಸಾಲೆ ಚಹಾ ನಮ್ಮ ಮಾರುಕಟ್ಟೆಗೆ ಹೊಸ ಸರಕಲ್ಲ. ಈಗ ಅದರ ಪಕ್ಕದಲ್ಲಿಯೇ ವೆನಿಲ್ಲಾ, ಕ್ಯಾರಮೆಲ್, ಚಾಕೊಲೇಟ್, ಗುಲಾಬಿ-ಪಿಸ್ತಾ, ಕೇಸರಿ-ಬಾದಾಮಿ ಮೊದಲಾದ, ಸಿಹಿತಿನಿಸುಗಳನ್ನು ನೆನಪಿಗೆ ತರುವ ಮಿಶ್ರಣಗಳೂ ಅಂಗಡಿಗಳ ಕಪಾಟಿನಲ್ಲಿ ಸ್ಥಾನ ಪಡೆದಿವೆ. ಸಾದಾ ಚಹಾ ಪುಡಿಯ ವ್ಯಾಪಾರದಲ್ಲಿ ಪೈಪೋಟಿ ಹೆಚ್ಚು, ಲಾಭಾಂಶ ಕಡಿಮೆ. ಆದ್ದರಿಂದ ಸಗಟು ಚಹಾ ಖರೀದಿಸಿ ಸ್ವಂತ ಹೆಸರಿನಲ್ಲಿ ಪೊಟ್ಟಣ ಕಟ್ಟುವ ಸಣ್ಣ ಉದ್ದಿಮೆದಾರರು ಇಂತಹ ಮಿಶ್ರಣಗಳ ಕಡೆಗೆ ಒಲವು ತೋರುವುದು ಸಹಜ.

ಆದರೆ ಈ ವ್ಯಾಪಾರದಲ್ಲಿ ಒಂದು ವಿಶೇಷ ಅಪಾಯವಿದೆ. ಮೊದಲನೆಯ ಪೊಟ್ಟಣವನ್ನು ಮಾರುವುದು ಪರಿಮಳ. ಎರಡನೆಯ ಪೊಟ್ಟಣವನ್ನು ಮಾರುವುದು ಲೋಟದೊಳಗಿನ ರುಚಿ. ಚೀಲ ಬಿಚ್ಚಿದೊಡನೆ ಮೂಗಿಗೆ ಬಡಿಯುವ ಸುವಾಸನೆಯನ್ನೇ ನಂಬಿ ನೂರಾರು ಕಿಲೋ ತಯಾರಿಸಿದವರು, ಎರಡು ತಿಂಗಳ ಅನಂತರ ಮಾಲು ವಾಪಸು ಬಂದಾಗ ಕಾರಣ ತಿಳಿಯದೆ ಕಂಗಾಲಾಗುತ್ತಾರೆ. ರುಚಿ ಪರೀಕ್ಷೆಯನ್ನು ಮಾಲೀಕನ ಅಭಿರುಚಿಯ ವಿಷಯವೆಂದು ಬಿಡದೆ, ತೂಕದಂತೆ ಒಂದು ಅಳತೆಯೆಂದು ಪರಿಗಣಿಸಿ, ಅದನ್ನು ಬರಹದಲ್ಲಿಟ್ಟು ವೆಚ್ಚದ ಲೆಕ್ಕಕ್ಕೆ ಜೋಡಿಸಿದರೆ ಈ ನಷ್ಟದ ಬಹುಭಾಗವನ್ನು ತಪ್ಪಿಸಬಹುದು.

ಅಳತೆಯ ನಿಯಮ

ಚಹಾ ವ್ಯಾಪಾರದಲ್ಲಿ ರುಚಿ ನೋಡಿ ಬೆಲೆ ಕಟ್ಟುವ ಪದ್ಧತಿ ಹಳೆಯದು. ಭಾರತದಲ್ಲಿ ಚಹಾ ಹರಾಜು ಕಲ್ಕತ್ತೆಯಲ್ಲಿ 1861ರಲ್ಲಿ ಆರಂಭವಾಯಿತು. ಇಂದಿಗೂ ಕೂನೂರು, ಕೊಯಮತ್ತೂರು, ಕೊಚ್ಚಿಯ ಹರಾಜುಗಳಿಗೆ ಬರುವ ಚಹಾವನ್ನು ದಲ್ಲಾಳಿ ಸಂಸ್ಥೆಗಳ ಪರಿಣತರು ರುಚಿ ನೋಡಿಯೇ ಮೌಲ್ಯ ನಿರ್ಧರಿಸುತ್ತಾರೆ. ಪರೀಕ್ಷೆಗೆ ಡಿಕಾಕ್ಷನ್ ತಯಾರಿಸುವ ಕ್ರಮಕ್ಕೆ ಐ.ಎಸ್.ಒ. 3103 ಎಂಬ ಅಂತಾರಾಷ್ಟ್ರೀಯ ಮಾನಕವಿದೆ. 1980ರಲ್ಲಿ ಪ್ರಕಟವಾದ ಇದನ್ನು 2019ರಲ್ಲಿ ಪರಿಷ್ಕರಿಸಲಾಗಿದೆ.

ಇದರ ಸಾರ ಸರಳ. ಪ್ರತಿ 100 ಮಿಲಿಲೀಟರ್ ನೀರಿಗೆ 2 ಗ್ರಾಂ ಚಹಾ. ಆಗತಾನೆ ಕುದಿ ಬಂದ ನೀರು. ಮುಚ್ಚಳವಿರುವ ಬಿಳಿಯ ಪಿಂಗಾಣಿ ಪಾತ್ರೆಯಲ್ಲಿ 6 ನಿಮಿಷ. ಅನಂತರ ಬಿಳಿಯ ಬಟ್ಟಲಿಗೆ ಸೋಸುವುದು. ಪರೀಕ್ಷೆಯ ನೀರು, ಚಹಾ ಮಾರಾಟವಾಗುವ ಸ್ಥಳದ ಕುಡಿಯುವ ನೀರಿನಂತೆಯೇ ಇರಬೇಕೆಂಬ ಅಂಶವನ್ನು ನಮ್ಮವರು ಮುಖ್ಯವಾಗಿ ಗಮನಿಸಬೇಕು. ಗಡಸು ನೀರಿನಲ್ಲಿ ಚಹಾದ ಬಣ್ಣ ಮಂಕಾಗುತ್ತದೆ, ಚುರುಕು ತಗ್ಗುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ಒಪ್ಪಿಗೆಯಾದ ಮಿಶ್ರಣ, ಕೊಳವೆ ಬಾವಿಯ ಗಡಸು ನೀರು ಕುಡಿಯುವ ಊರಿನಲ್ಲಿ ಸಪ್ಪೆಯೆನಿಸಬಹುದು.

ಮೂರು ಹಂತಗಳು

ಹರಾಜಿನ ಪರೀಕ್ಷೆ ಸಾದಾ ಚಹಾಕ್ಕೆ ಸಾಕು. ಮಸಾಲೆ ಅಥವಾ ಪರಿಮಳ ಬೆರೆತಾಗ ಮೂರು ಹಂತಗಳನ್ನು ಪಾಲಿಸುವುದು ಲೇಸು.

ಮೊದಲನೆಯದು ಒಣ ಪುಡಿ. ಬಣ್ಣ, ಕಾಳಿನ ಗಾತ್ರ, ಮಸಾಲೆಯ ಹರಡಿಕೆ ಮತ್ತು ವಾಸನೆಯನ್ನು ಬರೆದುಕೊಳ್ಳಬೇಕು. ಇಲ್ಲಿ ದೊರೆಯುವ ವಾಸನೆ ಗ್ರಾಹಕನ ಮೊದಲ ಅನುಭವವೇ ಹೊರತು ಅಂತಿಮ ತೀರ್ಪಲ್ಲ.

ಎರಡನೆಯದು ಹಾಲು, ಸಕ್ಕರೆಯಿಲ್ಲದ ಡಿಕಾಕ್ಷನ್. ಇದನ್ನು ಚಮಚದಿಂದ ಸದ್ದು ಬರುವಂತೆ ಹೀರಿ, ಬಾಯಿಯಲ್ಲಿ ಆಡಿಸಿ ಉಗುಳುತ್ತಾರೆ. ಸದ್ದು ಮಾಡುವುದು ಒಣ ಆಡಂಬರವಲ್ಲ. ಗಾಳಿಯೊಡನೆ ಬೆರೆತ ದ್ರವದ ಪರಿಮಳ ಗಂಟಲ ಹಿಂಬದಿಯಿಂದ ಮೂಗಿಗೆ ತಲಪುವುದೇ ಇದರ ಉದ್ದೇಶ. ಚಹಾದ ಒಗರು, ಚುರುಕು, ಬಣ್ಣದ ಹೊಳಪುಗಳು ಮಸಾಲೆಯ ಅಡಿಯಲ್ಲಿ ಉಳಿದಿವೆಯೇ ಎಂಬುದನ್ನು ಇಲ್ಲಿ ನೋಡಬೇಕು. ಕಳಪೆ ಚಹಾವನ್ನು ಮುಚ್ಚಲು ಲವಂಗ ಸುರಿದಿದ್ದರೆ ಈ ಹಂತದಲ್ಲಿ ಬಯಲಾಗುತ್ತದೆ.

ಮೂರನೆಯದು ಮನೆಯ ವಿಧಾನ. ನಮ್ಮ ಗ್ರಾಹಕ ಚಹಾವನ್ನು ಹಾಲು, ಸಕ್ಕರೆಯೊಡನೆ ಕುದಿಸಿ ಕುಡಿಯುತ್ತಾನೆ. ಹಾಲಿನ ಪ್ರೋಟೀನು ಒಗರನ್ನು ಹಿಡಿದಿಡುತ್ತದೆ. ಕುದಿತ ನವಿರಾದ ಪರಿಮಳಗಳನ್ನು ಹಾರಿಸಿಬಿಡುತ್ತದೆ. ಆದ್ದರಿಂದ ಹಾಲು, ನೀರು, ಸಕ್ಕರೆಯ ಪ್ರಮಾಣವನ್ನೂ ಕುದಿಸುವ ನಿಮಿಷಗಳನ್ನೂ ಒಮ್ಮೆ ನಿಗದಿಪಡಿಸಿ, ಪ್ರತಿ ಬ್ಯಾಚಿಗೂ ಅದನ್ನೇ ಪಾಲಿಸಬೇಕು. ದಾಸವಾಳ ಜಾತಿಯ ಹುಳಿ ಹೂವು ಅಥವಾ ಹುಳಿ ಹಣ್ಣಿನ ಅಂಶವಿರುವ ಮಿಶ್ರಣದಲ್ಲಿ ಹಾಲು ಒಡೆಯುವ ಸಂಭವವಿದ್ದು, ಅದೂ ಇಲ್ಲಿಯೇ ತಿಳಿಯುತ್ತದೆ.

ಪದಾರ್ಥಗಳ ಸ್ವಭಾವ

ಪ್ರತಿ ಮಸಾಲೆಯೂ ಒಂದೊಂದು ರೀತಿ ವರ್ತಿಸುತ್ತದೆ. ಏಲಕ್ಕಿಯ ಕಂಪು ಅದರ ಬೀಜದ ತೈಲದಲ್ಲಿದೆ. ಪುಡಿ ಮಾಡಿದೊಡನೆ ಅದು ಹಾರಲು ತೊಡಗುತ್ತದೆ. ಲವಂಗದಲ್ಲಿರುವ ಯೂಜಿನಾಲ್ ನಾಲಿಗೆಯನ್ನು ಸ್ವಲ್ಪ ಮರಗಟ್ಟಿಸುವುದರಿಂದ ಲವಂಗ ಹೆಚ್ಚಿರುವ ಮಾದರಿಯನ್ನು ಕೊನೆಗಿಡಬೇಕು. ಶುಂಠಿ ಒಣಗಿದಾಗ ಅದರ ಜಿಂಜರಾಲ್ ಅಂಶದ ಒಂದು ಭಾಗ ಇನ್ನೂ ಖಾರವಾದ ಶೋಗಾಲ್ ಆಗಿ ಮಾರ್ಪಡುತ್ತದೆ. ಹಸಿ ಶುಂಠಿಯ ಘಮ ಬಯಸಿ ಒಣ ಶುಂಠಿಯನ್ನು ಹೆಚ್ಚಿಸಿದರೆ ದೊರೆಯುವುದು ಘಮವಲ್ಲ, ಗಂಟಲಿನ ಘಾಟು. ಕಾಳುಮೆಣಸಿನ ಖಾರ ಪೈಪರಿನ್‌ನಿಂದ ಬರುವುದು. ಅದು ಬಾಯಿಯಲ್ಲಿ ತಡವಾಗಿ ಏರಿ ತಡವಾಗಿ ಇಳಿಯುತ್ತದೆ. ಆದ್ದರಿಂದ ಎರಡು ಮಾದರಿಗಳ ನಡುವೆ ಉಗುರುಬೆಚ್ಚಗಿನ ನೀರಿನಿಂದ ಬಾಯಿ ತೊಳೆದು ಕೆಲವು ನಿಮಿಷ ಬಿಡುವು ಕೊಡಬೇಕು.

ಸಿಹಿತಿನಿಸಿನ ಮಿಶ್ರಣಗಳಲ್ಲಿ ಮೋಸ ಹೋಗುವ ದಾರಿ ಬೇರೆ. ವೆನಿಲ್ಲಾ, ಕ್ಯಾರಮೆಲ್‌ಗಳ ವಾಸನೆ ಸಕ್ಕರೆಯಿಲ್ಲದಿದ್ದರೂ ಸಿಹಿಯ ಭ್ರಮೆ ಹುಟ್ಟಿಸುತ್ತದೆ. ಮೂಗು ಸಿಹಿಯನ್ನು ನಿರೀಕ್ಷಿಸಿ ನಾಲಿಗೆಗೆ ಒಗರು ಮಾತ್ರ ಸಿಕ್ಕಾಗ ಗ್ರಾಹಕನಿಗೆ ನಿರಾಸೆಯಾಗುತ್ತದೆ. ಇಂತಹ ಮಿಶ್ರಣಕ್ಕೆ ಕಡು ಒಗರಿನ ಚಹಾಕ್ಕಿಂತ ಮೃದುವಾದದ್ದು ಹೊಂದುತ್ತದೆ. ಮಲೆನಾಡಿನ ಬೆಳೆಗಾರರಿಗೆ ವೆನಿಲ್ಲಾ ಅಪರಿಚಿತವಲ್ಲ. 2000ದ ದಶಕದ ಆರಂಭದಲ್ಲಿ ಅದರ ಬೆಲೆ ಏರಿ, ಅನಂತರ ಕುಸಿದದ್ದು ಅನೇಕರ ನೆನಪಿನಲ್ಲಿದೆ. ಇಂದು ಚಹಾಕ್ಕೆ ಸಿಂಪಡಿಸುವ ಸುವಾಸನೆ ನಿಜವಾದ ಕೋಡಿನದೋ ಕೃತಕ ವೆನಿಲಿನ್‌ನದೋ ಎಂಬುದು ಬೆಲೆಯನ್ನೂ ಲೇಬಲ್ಲನ್ನೂ ನಿರ್ಧರಿಸುವ ಸಂಗತಿ. ಬಾದಾಮಿ, ಪಿಸ್ತಾ, ಕೊಬ್ಬರಿ ತುಣುಕುಗಳಲ್ಲಿ ಎಣ್ಣೆಯಂಶವಿರುವುದರಿಂದ ಕಾಲಕ್ರಮೇಣ ಕಮಟು ವಾಸನೆ ಬರುತ್ತದೆ. ಅದು ಸಿದ್ಧವಾದ ದಿನ ತಿಳಿಯುವುದಿಲ್ಲ.

ಮಾದರಿ ಮತ್ತು ದಾಸ್ತಾನು

ಚಹಾ ಕಾಳು ಹಾಗೂ ಮಸಾಲೆ ಪುಡಿಯ ಗಾತ್ರ, ತೂಕ ಒಂದೇ ಅಲ್ಲ. ಸಾಗಣೆಯ ಕುಲುಕಾಟದಲ್ಲಿ ನಯವಾದ ಪುಡಿ ಚೀಲದ ತಳ ಸೇರುತ್ತದೆ. ಮೇಲಿನ ಹಿಡಿಯನ್ನು ಮಾತ್ರ ಪರೀಕ್ಷಿಸಿದರೆ ಮಸಾಲೆ ಕಡಿಮೆ ಎನಿಸಿ ಇನ್ನಷ್ಟು ಸೇರಿಸುವ ತಪ್ಪು ನಡೆಯುತ್ತದೆ. ಮೇಲೆ, ನಡುವೆ, ತಳ, ಈ ಮೂರೂ ಕಡೆಯಿಂದ ತೆಗೆದು ಬೇರೆ ಬೇರೆಯಾಗಿ ನೋಡಬೇಕು. ವ್ಯತ್ಯಾಸ ಹೆಚ್ಚಿದ್ದರೆ ಮಸಾಲೆಯನ್ನು ಚಹಾ ಕಾಳಿನ ಗಾತ್ರಕ್ಕೆ ಹತ್ತಿರವಾಗಿ ಒಡೆಯುವುದು ಪರಿಹಾರ.

ಚಹಾ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಅಗರಬತ್ತಿ, ಸಾಬೂನು, ಇಂಗು ಇರುವ ಗೋದಾಮಿನಲ್ಲಿ ಅದನ್ನು ತೆರೆದಿಡಬಾರದು. ಪ್ರತಿ ಬ್ಯಾಚಿನ ಕೆಲವು ಪೊಟ್ಟಣಗಳನ್ನು ಅಂಗಡಿಯಲ್ಲಿರುವಂತೆಯೇ ಇಟ್ಟು 30, 60, 90ನೆಯ ದಿನಗಳಂದು ಮೂರು ಹಂತದ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಪೊಟ್ಟಣದ ಮೇಲೆ ಮುದ್ರಿಸುವ ಬಳಕೆಯ ಅವಧಿಗೆ ಇದು ಆಧಾರವಾಗಬೇಕೇ ಹೊರತು ಪಕ್ಕದ ಕಂಪನಿಯ ಪೊಟ್ಟಣವಲ್ಲ.

ತ್ರಿಕೋನ ಪರೀಕ್ಷೆ

ಸೂತ್ರ ಬದಲಿಸುವಾಗ ಮಾಲೀಕನೊಬ್ಬನ ನಾಲಿಗೆ ಸಾಲದು. ಮೂರು ಬಟ್ಟಲುಗಳಲ್ಲಿ ಎರಡಕ್ಕೆ ಒಂದೇ ಚಹಾ, ಒಂದಕ್ಕೆ ಬೇರೆ ಚಹಾ ಹಾಕಿ, ಹೆಸರಿನ ಬದಲು ಸಂಖ್ಯೆಗಳನ್ನು ಕೊಟ್ಟು, ಭಿನ್ನವಾದುದನ್ನು ಗುರುತಿಸಲು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರ ಉತ್ತರ ಸರಿಯಾಗುವ ಸಂಭವವಿದೆ. ಆದ್ದರಿಂದ 12 ಮಂದಿಯಲ್ಲಿ ಕನಿಷ್ಠ 8, ಅಥವಾ 6 ಮಂದಿಯಲ್ಲಿ ಕನಿಷ್ಠ 5 ಮಂದಿ ಸರಿಯಾಗಿ ಗುರುತಿಸಿದರೆ ಮಾತ್ರ ವ್ಯತ್ಯಾಸ ನಿಜವೆಂದು ಸಂಖ್ಯಾಶಾಸ್ತ್ರ ಒಪ್ಪುತ್ತದೆ. ಗುರುತಿಸದಿದ್ದರೆ ಎರಡೂ ಒಂದೇ ಎಂದು ಸಿದ್ಧವಾಗುವುದಿಲ್ಲ. ಮತ್ತೊಂದು ದಿನ ಪುನಃ ಪರೀಕ್ಷಿಸಬೇಕು. ಪರೀಕ್ಷಕರು ತಂಬಾಕು, ಎಲೆ ಅಡಿಕೆ, ಅತ್ತರುಗಳಿಂದ ದೂರವಿದ್ದು, ಊಟವಾದ ಕೂಡಲೇ ಕೂರದಿರುವುದು ಅಗತ್ಯ.

ವೆಚ್ಚದ ಉದಾಹರಣೆ

ಲೆಕ್ಕದ ಅನುಕೂಲಕ್ಕಾಗಿ ಊಹಿಸಿದ ದರಗಳಲ್ಲಿ 100 ಕಿಲೋ ಮಸಾಲೆ ಚಹಾದ ಸಾಮಗ್ರಿ ವೆಚ್ಚ ಹೀಗಿದೆ:

ಚಹಾ 92 ಕಿಲೋ, ರೂ. 220ರಂತೆ: ರೂ. 20,240
ಏಲಕ್ಕಿ 2 ಕಿಲೋ, ರೂ. 2,800ರಂತೆ: ರೂ. 5,600
ಒಣ ಶುಂಠಿ 4 ಕಿಲೋ, ರೂ. 300ರಂತೆ: ರೂ. 1,200
ದಾಲ್ಚಿನ್ನಿ 1 ಕಿಲೋ: ರೂ. 500
ಲವಂಗ 1 ಕಿಲೋ: ರೂ. 900
ಒಟ್ಟು: ರೂ. 28,440

ಧೂಳು, ಸೋರಿಕೆಗಳಿಗೆ 2 ಕಿಲೋ ಕಳೆದರೆ ಮಾರಾಟಕ್ಕೆ ಉಳಿಯುವುದು 98 ಕಿಲೋ. ಕಿಲೋ ಒಂದಕ್ಕೆ ಸುಮಾರು ರೂ. 290. ಏಲಕ್ಕಿ ತೂಕದಲ್ಲಿ ಶೇ. 2 ಮಾತ್ರ, ವೆಚ್ಚದಲ್ಲಿ ಸುಮಾರು ಶೇ. 20. ಅರ್ಧ ಕಿಲೋ ಏಲಕ್ಕಿಯ ಬದಲು ಅರ್ಧ ಕಿಲೋ ಚಹಾ ಸೇರಿಸಿದರೆ ಉಳಿತಾಯ ರೂ. 1,290. ತ್ರಿಕೋನ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಈ ಉಳಿತಾಯ ಆಕರ್ಷಕವೇ. ಆದರೆ 60ನೆಯ ದಿನದ ಪರೀಕ್ಷೆ ಮಾಡದೆ ಹೊರಟು, ಕಂಪು ತಗ್ಗಿದ ಕಾರಣ ಕೇವಲ 10 ಕಿಲೋ ವಾಪಸು ಬಂದರೂ ಸಾಮಗ್ರಿಯ ನಷ್ಟವೇ ಸುಮಾರು ರೂ. 2,770, ಅಂದರೆ ಉಳಿತಾಯದ ಎರಡು ಪಟ್ಟಿಗಿಂತ ಹೆಚ್ಚು. ಪೊಟ್ಟಣ, ಸಾಗಣೆ ಮತ್ತು ಹೋದ ಹೆಸರು ಇದಕ್ಕೆ ಹೊರತು. ಇತ್ತ 140 ಮಿಲಿಲೀಟರಿನ ಆರು ಬಟ್ಟಲು ಪರೀಕ್ಷೆಗೆ ಬೇಕಾಗುವುದು 16.8 ಗ್ರಾಂ ಪುಡಿ. ಅದರ ಬೆಲೆ ರೂ. 5ಕ್ಕೂ ಕಡಿಮೆ.

ತೆರಿಗೆ, ಮೌಲ್ಯಮಾಪನ, ಲೇಬಲ್

ಸುಂಕದ ಶೀರ್ಷಿಕೆ 0902 ಸುವಾಸನೆ ಸೇರಿಸಿದ ಚಹಾವನ್ನೂ ಒಳಗೊಂಡಿದ್ದು, ಇದಕ್ಕೆ ಜಿ.ಎಸ್.ಟಿ. ದರ ಶೇ. 5. ಹಾಲಿನ ಪುಡಿ, ಸಕ್ಕರೆ ಬೆರೆಸಿದ ಸಿದ್ಧ ಮಿಶ್ರಣ 2101ರ ಅಡಿಯಲ್ಲಿ ಬರುತ್ತದೆ. ಅದರ ದರ ಮೊದಲು ಶೇ. 18 ಇದ್ದು, 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ದರ ಒಂದೇ ಆದರೂ ಬಿಲ್ಲಿನಲ್ಲಿ ಸಂಕೇತ ಸಂಖ್ಯೆ ಸರಿಯಾಗಿರಬೇಕು.

ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ಪ್ರಕಾರ ಉಚಿತ ಮಾದರಿಯಾಗಿ ಕೊಟ್ಟ, ನಾಶಪಡಿಸಿದ ಅಥವಾ ಪುಸ್ತಕದಿಂದ ತೊಡೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಅಂಗಡಿಗಳಿಗೆ ಹಂಚಿದ ಮಾದರಿ ಪೊಟ್ಟಣಗಳನ್ನೂ ಕಾರ್ಖಾನೆಯಲ್ಲಿ ಗುಣಮಟ್ಟದ ಪರೀಕ್ಷೆಗೆ ಬಳಸಿದ ಪುಡಿಯನ್ನೂ ಒಂದೇ ಬಾಬತ್ತಿನಲ್ಲಿ ಬರೆದರೆ ಎರಡನೆಯದು ಉತ್ಪಾದನಾ ವೆಚ್ಚವೆಂದು ತೋರಿಸುವುದು ಕಷ್ಟವಾಗುತ್ತದೆ. ವರ್ಷಾಂತ್ಯದ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವುಗಳಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಪತ್ರ ಮಾನಕ 2ರ ನಿಯಮ. ಕಂಪು ಕಳೆದುಕೊಂಡ ಮಸಾಲೆ ಚಹಾವನ್ನು ಪೂರ್ಣ ವೆಚ್ಚದಲ್ಲಿ ತೋರಿಸಿದರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದಂತೆ. ಮೌಲ್ಯ ಇಳಿಸಲು ಆಧಾರ ಬೇಕು. ದಿನಾಂಕವಿರುವ ರುಚಿ ಪರೀಕ್ಷೆಯ ದಾಖಲೆ, ಮಾರಾಟವಾಗುತ್ತಿರುವ ದರದ ಬಿಲ್ಲುಗಳೊಡನೆ, ಅಂತಹ ಆಧಾರವಾಗುತ್ತದೆ.

ಆಹಾರ ಸುರಕ್ಷತಾ ನಿಯಮಗಳಂತೆ ಚಹಾಕ್ಕೆ ಬಣ್ಣ ಸೇರಿಸುವಂತಿಲ್ಲ. ಸುವಾಸನೆ ಸೇರಿಸಿದ್ದರೆ ಲೇಬಲ್ಲಿನಲ್ಲಿ ಘೋಷಿಸಬೇಕು. ಬಾದಾಮಿ, ಪಿಸ್ತಾ, ಹಾಲಿನಂತಹ ಅಲರ್ಜಿಕಾರಕಗಳನ್ನೂ ನಮೂದಿಸಬೇಕು. ಚಹಾ ಗಿಡದ ಎಲೆಯಿಲ್ಲದ ಗಿಡಮೂಲಿಕೆಯ ಕಷಾಯಗಳನ್ನು ಚಹಾ ಎಂದು ಕರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ರುಚಿ ಪರೀಕ್ಷಾ ವಹಿ

ಇವೆಲ್ಲಕ್ಕೂ ಬೇಕಾಗಿರುವುದು ಒಂದು ಸಾಧಾರಣ ವಹಿ. ಬ್ಯಾಚ್ ಸಂಖ್ಯೆ, ದಿನಾಂಕ, ಚಹಾ ಮತ್ತು ಮಸಾಲೆಯ ಖರೀದಿ ಬಿಲ್ಲಿನ ಸಂಖ್ಯೆ, ಸೂತ್ರ, ಬಳಸಿದ ಪುಡಿಯ ತೂಕ, ನೀರು, ಮೂರೂ ಹಂತಗಳ ಅಂಕಗಳು, 30, 60, 90ನೆಯ ದಿನಗಳ ಅಂಕಗಳು, ಕಿಲೋವಾರು ವೆಚ್ಚ, ತೀರ್ಮಾನ, ಸಹಿ: ಇಷ್ಟು ಕಲಮುಗಳು ಸಾಕು. ಒಗರು, ಕಂಪು, ಖಾರ, ಸಿಹಿಯ ಭಾಸ, ಬಾಯಿಯಲ್ಲಿ ಉಳಿಯುವ ರುಚಿ, ಇವಕ್ಕೆ 1ರಿಂದ 5ರವರೆಗೆ ಅಂಕ ಕೊಡಬಹುದು. ಷಡ್ರಸಗಳಲ್ಲಿ ಒಗರನ್ನೂ ಎಣಿಸಿರುವ ನಮ್ಮ ಜನಕ್ಕೆ ಚಹಾದ ಮುಖ್ಯ ಗುಣವನ್ನು ಹೆಸರಿಸಲು ಪರಭಾಷೆಯ ಪದ ಬೇಕಿಲ್ಲ.

ಏಲಕ್ಕಿಯ ದರ ಏರಿದಾಗ, ಹಳೆಯ ಕೆಲಸಗಾರ ಬಿಟ್ಟುಹೋದಾಗ, ವ್ಯಾಪಾರ ಮಗನ ಕೈಗೆ ಬಂದಾಗ, ಹೋದ ವರ್ಷ ಗ್ರಾಹಕ ಮೆಚ್ಚಿದ ರುಚಿ ಯಾವುದೆಂದು ತಿಳಿಸುವುದು ಆ ವಹಿಯೊಂದೇ. ರೋಕಡ ಪುಸ್ತಕವನ್ನು ಪ್ರತಿದಿನ ತಾಳೆ ನೋಡುವ ವರ್ತಕ, ಪ್ರತಿ ಬ್ಯಾಚಿಗೂ ಈ ಪುಟವನ್ನು ತುಂಬುವುದನ್ನು ರೂಢಿಸಿಕೊಂಡಲ್ಲಿ ಅದರ ಪ್ರತಿಫಲ ವರ್ಷಾಂತ್ಯದ ಲಾಭ-ನಷ್ಟದ ಪಟ್ಟಿಯಲ್ಲಿ ಕಾಣದೆ ಇರದು.