ಕಾಣೆಯಾದ ಸಾಲು

ಮಕ್ಕಳೇ, ಗಣಕಯಂತ್ರದಲ್ಲಿ ನೆನಪಿಡುವ ಜಾಗಗಳು ಎರಡು. ಒಂದು ಡಿಸ್ಕ್. ವಿದ್ಯುತ್ ಹೋದರೂ ಅದರಲ್ಲಿ ಬರೆದದ್ದು ಉಳಿಯುತ್ತದೆ. ಇನ್ನೊಂದು ಮೆಮೊರಿ. ಇದು ಬಹಳ ವೇಗವಾದದ್ದು. ಆದರೆ ವಿದ್ಯುತ್ ಹೋದರೆ ಇದರಲ್ಲಿರುವುದು ಅಳಿಸಿಹೋಗುತ್ತದೆ. ಡಿಸ್ಕಿನಲ್ಲಿರುವ ಕಡತದ ಪುಟಗಳನ್ನು ಮೆಮೊರಿಯಲ್ಲಿ ತೆರೆದಿಟ್ಟು, ಅಲ್ಲಿಯೇ ಓದಿ ಬರೆಯುವ ಕ್ರಮಕ್ಕೆ ‘ಮೆಮೊರಿ ಮ್ಯಾಪಿಂಗ್’ ಎನ್ನುತ್ತಾರೆ. ಬರೆದದ್ದು ಆಮೇಲೆ ಡಿಸ್ಕಿಗೆ ಸೇರಬೇಕು.

ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಬ್ಬ ಕಡಲೆಕಾಯಿ ವ್ಯಾಪಾರಿಯ ಅಂಗಡಿ ಕಲ್ಯಾಣದುರ್ಗದಲ್ಲಿದೆ, ಅವನ ಲೆಕ್ಕದ ಪುಸ್ತಕ ಹಿಂದೂಪುರದಲ್ಲಿದೆ ಎಂದು ಭಾವಿಸಿರಿ. ಅಂಗಡಿ ಮೆಮೊರಿ ಇದ್ದಂತೆ. ಪುಸ್ತಕ ಡಿಸ್ಕ್ ಇದ್ದಂತೆ. ಅಂಗಡಿಯಲ್ಲಿ ಪುಸ್ತಕದ ಪುಟಗಳ ನಕಲು ಇದೆ. ವ್ಯಾಪಾರಿ ಹೊಸ ಸಾಲು ಬರೆದರೆ ಗುಮಾಸ್ತ ಆ ಪುಟಕ್ಕೆ ಕೆಂಪು ಗುರುತು ಹಾಕಿ ಸಹಾಯಕನಿಗೆ ಹೇಳುತ್ತಾನೆ. ಸಹಾಯಕ ಅದನ್ನು ಚೀಟಿಯಲ್ಲಿ ಗುರುತಿಸಿಕೊಂಡು, ಬಸ್ಸಿನಲ್ಲಿ ಹೋಗಿ ಪುಸ್ತಕಕ್ಕೆ ಸೇರಿಸುತ್ತಾನೆ.

ಒಂದು ದಿನ ಸಹಾಯಕ ಗುಮಾಸ್ತನಿಗೆ ತಿಳಿಸದೆ ಬೆಳಗಿನ ಬಸ್ಸಿಗೇ ಹೋಗಿ ಬಂದ, ಚೀಟಿಯಲ್ಲಿ ಹೊಡೆದುಹಾಕಿದ. ಮಧ್ಯಾಹ್ನ ರೈತನೊಬ್ಬ ಹತ್ತು ಮೂಟೆ ತಂದ. ವ್ಯಾಪಾರಿ ಅದೇ ಪುಟದಲ್ಲಿ ಬರೆದ. ಕೆಂಪು ಗುರುತು ಮೊದಲೇ ಇದ್ದುದರಿಂದ ಗುಮಾಸ್ತ ಮತ್ತೆ ಹೇಳಲಿಲ್ಲ. ಸಂಜೆ ಅವನು ಗುರುತು ಅಳಿಸಿ, “ಈ ಪುಟ ತಲುಪಿಸು” ಎಂದ. ಸಹಾಯಕ ಚೀಟಿ ನೋಡಿ, “ಆಗಲೇ ತಲುಪಿಸಿದ್ದೇನೆ” ಎಂದುಕೊಂಡ. ರೈತನ ಹತ್ತು ಮೂಟೆ ಪುಸ್ತಕಕ್ಕೆ ಸೇರಲೇ ಇಲ್ಲ!

ಇಂಥದೇ ತಪ್ಪು 2006ರಲ್ಲಿ ಲಿನಕ್ಸ್‌ನಲ್ಲಿ ಕಂಡುಬಂದಿತು. ಲಿನಕ್ಸ್ ಗಣಕಯಂತ್ರದ ಕೆಲಸಗಳನ್ನೆಲ್ಲ ನಡೆಸುವ ಒಂದು ತಂತ್ರಾಂಶ. ಅದನ್ನು ಬಳಸುತ್ತಿದ್ದ ಕೆಲವರ ಕಡತಗಳು ಕೆಡುತ್ತಿದ್ದವು. ಅನೇಕ ತಜ್ಞರು ಕಾರಣ ಹುಡುಕಿದರು. 1991ರಲ್ಲಿ ಲಿನಕ್ಸನ್ನು ಆರಂಭಿಸಿದ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಒಂದು ಪುಟ್ಟ ಪರೀಕ್ಷಾ ಪ್ರೋಗ್ರಾಂ ಬರೆದರು. ಬರೆದದ್ದನ್ನು ತಿರುಗಿ ಓದಿ, ಏನು ಕಾಣೆಯಾಗಿದೆ ಎಂಬುದನ್ನು ಅದು ತೋರಿಸಿತು. ಡಿಸೆಂಬರ್ ಕೊನೆಯಲ್ಲಿ ತಪ್ಪು ಸಿಕ್ಕಿತು. ಮೆಮೊರಿಯನ್ನು ನೋಡಿಕೊಳ್ಳುವ ಭಾಗವೇ ಗುಮಾಸ್ತ. ಕಡತ ವ್ಯವಸ್ಥೆಯೇ ಸಹಾಯಕ. ಗುರುತು ಅಳಿಸುವ ಮೊದಲು, ಪುಟದಲ್ಲಿ ಮತ್ತೇನಾದರೂ ಬರೆದಿದೆಯೇ ಎಂದು ಗುಮಾಸ್ತ ನೋಡಬೇಕು. ಬರೆದಿದ್ದರೆ ಸಹಾಯಕನಿಗೆ ಮತ್ತೊಮ್ಮೆ ಹೇಳಬೇಕು. ಇಷ್ಟೇ ಪರಿಹಾರ!

ಗುಮಾಸ್ತನೂ ಸೋಮಾರಿಯಲ್ಲ, ಸಹಾಯಕನೂ ಸುಳ್ಳುಗಾರನಲ್ಲ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯಲಿಲ್ಲ, ಅಷ್ಟೇ. ನಿಮ್ಮ ಲೆಕ್ಕ ತಪ್ಪಿದಾಗಲೂ ಬೇಸರಪಡಬೇಡಿರಿ. ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ಒಂದೊಂದಾಗಿ ನೋಡಿರಿ.

ಅಭ್ಯಾಸ
1. ಡಿಸ್ಕಿಗೂ ಮೆಮೊರಿಗೂ ಇರುವ ವ್ಯತ್ಯಾಸವೇನು?
2. ಗುಮಾಸ್ತ ಮಧ್ಯಾಹ್ನ ಸಹಾಯಕನಿಗೆ ಏಕೆ ಹೇಳಲಿಲ್ಲ?
3. ಮೂವರು ಗೆಳೆಯರು ಸೇರಿ ವ್ಯಾಪಾರಿ, ಗುಮಾಸ್ತ, ಸಹಾಯಕರಾಗಿ ಈ ಪಾಠವನ್ನು ಅಭಿನಯಿಸಿರಿ.