ಮೆಂಬ್ರೇನ್ ಸಂಶೋಧನೆಯಲ್ಲಿ ಗೆಲ್ಲಲು 7 ಸೂತ್ರಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕೆಮಿಸ್ಟ್ರಿ ವಿದ್ಯಾರ್ಥಿಗಳೇ, ನಿಮ್ಮ ರಿಸರ್ಚ್ ಟಾಪಿಕ್ ಊರಿನ ಬೋರ್‌ವೆಲ್‌ನಲ್ಲೇ ಇದೆ. ನೀವು ಕ್ಯಾನ್ ಹಿಡಿದು ನಿಲ್ಲುವ ಶುದ್ಧ ನೀರಿನ ಘಟಕದೊಳಗೆ ದುಡಿಯುವುದು ಒಂದು ಪಾಲಿಮರ್ ಪೊರೆ. ಆ ಪೊರೆಯ ಮೇಲೆ ಸರಿಯಾದ ಅಣು ಕೂರಿಸಲು ಕಲಿಯಿರಿ.

1. ಊರಿನ ನೀರಿನಿಂದ ಶುರು ಮಾಡಿ.
ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೂ 1.5 ದಾಟಬಾರದು. ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ. ಅದು ಒಟ್ಟು ಲವಣದ ಅಂದಾಜು ಕೊಡುತ್ತದೆ, ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ. ಫ್ಲೋರೈಡ್ ಎಲೆಕ್ಟ್ರೋಡ್ ಬಳಸಲು ಕಲಿಯಿರಿ.

2. ಪೊರೆ ಬಿಚ್ಚಿ ನೋಡಿ.
ಬಿಸಾಡಿದ ಆರ್‌ಒ ಮೆಂಬ್ರೇನ್ ಸಿಕ್ಕರೆ ಕತ್ತರಿಸಿ. ಕೆಳಗೆ ಪಾಲಿಯೆಸ್ಟರ್ ಬಟ್ಟೆ, ನಡುವೆ ಪಾಲಿಸಲ್ಫೋನ್, ಮೇಲೆ ಪಾಲಿಅಮೈಡ್. ಲವಣ ತಡೆಯುವುದು ಮೇಲಿನ ಪದರ. ಅದರ ದಪ್ಪ ಸುಮಾರು 100ರಿಂದ 200 ನ್ಯಾನೊಮೀಟರ್ ಮಾತ್ರ. ನಿಮ್ಮ ಕೆಲಸವೆಲ್ಲ ಅಲ್ಲೇ.

3. ಅಣುವಿಗೆ ಹಿಡಿಕೆ ಹುಡುಕಿ.
ಪಾಲಿಅಮೈಡ್ ತಯಾರಿಯಲ್ಲಿ ಕೂಡಿಕೊಳ್ಳದೆ ಉಳಿದ ಆಸಿಡ್ ಕ್ಲೋರೈಡ್ ತುದಿಗಳು ನೀರಿನಲ್ಲಿ ಕಾರ್ಬಾಕ್ಸಿಲ್ ಗುಂಪುಗಳಾಗುತ್ತವೆ. ಅಮೈನ್ ಇರುವ ಹೊಸ ಅಣುವನ್ನು ಅಲ್ಲಿಗೇ ಬೆಸೆಯಿರಿ. ಮೆಕ್ಯಾನಿಸಂ ಬಾಯಿಪಾಠ ಬೇಡ. ಹತ್ತು ಸಲ ಬರೆಯಿರಿ, ಕೈಗೆ ಹತ್ತುತ್ತದೆ.

4. ಕಡಲ ಚಿಪ್ಪಿನಿಂದ ಕಲಿಯಿರಿ.
ಬಂಡೆಗೆ ಅಂಟುವ ಮಸಲ್ ಚಿಪ್ಪುಜೀವಿಯ ಗುಟ್ಟು ಹಿಡಿದು 2007ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಿಡೋಪಮೈನ್ ಲೇಪನ ರೂಪಿಸಿದರು. ಪಿಎಚ್ 8.5ರ ಡೋಪಮೈನ್ ದ್ರಾವಣದಲ್ಲಿ ಅದ್ದಿದರೆ ಸಾಕು, ಬಹುತೇಕ ಎಲ್ಲ ಮೇಲ್ಮೈಗೂ ಹಿಡಿಯುತ್ತದೆ. ಅದರ ಮೇಲೆ ನೀರು ಪ್ರೀತಿಸುವ ಪಿಇಜಿ ಅಣು ಜೋಡಿಸಿ. ಕೊಳೆ, ಬ್ಯಾಕ್ಟೀರಿಯಾ ಅಂಟುವುದು ಕಡಿಮೆಯಾಗುತ್ತದೆ.

5. ಅಳತೆ ಮೀರಬೇಡಿ.
ಲೇಪನ ದಪ್ಪವಾದರೆ ನೀರು ಇಳಿಯುವುದು ನಿಧಾನ. ಕಾರ್ಬಾಕ್ಸಿಲ್ ಗುಂಪುಗಳನ್ನೆಲ್ಲ ಬಳಸಿಬಿಟ್ಟರೆ ಫ್ಲೋರೈಡನ್ನು ದೂರ ತಳ್ಳುವ ಋಣ ವಿದ್ಯುದಂಶವೂ ಕುಗ್ಗುತ್ತದೆ. ಪ್ರತಿ ಸಲ ಎರಡು ಲೆಕ್ಕ ಬರೆಯಿರಿ: ಎಷ್ಟು ನೀರು ದಾಟಿತು, ಎಷ್ಟು ಲವಣ ನಿಂತಿತು.

6. ನಿಜವಾದ ನೀರಲ್ಲಿ ಪರೀಕ್ಷಿಸಿ.
ಲ್ಯಾಬಿನ ಉಪ್ಪುನೀರಲ್ಲಿ ಗೆದ್ದ ಪೊರೆ ಬೋರ್‌ವೆಲ್ಲಿನ ಗಡಸು ನೀರಲ್ಲಿ ಬಿಳಿ ಸುಣ್ಣ ಕಟ್ಟಿ ಸೋಲಬಹುದು. ಕ್ಲೋರಿನ್ ಪಾಲಿಅಮೈಡನ್ನು ಕೆಡಿಸುತ್ತದೆ, ಅದನ್ನೂ ಪರೀಕ್ಷೆಗೆ ಸೇರಿಸಿ. ವಾಣಿವಿಲಾಸ ಸಾಗರದ ನೀರು, ಹೊಸದುರ್ಗದ ಬೋರ್‌ವೆಲ್ ನೀರು ಎರಡನ್ನೂ ಹಾಯಿಸಿ ಹೋಲಿಸಿ.

7. ಅನುಮಾನ ಬಿಡಿ, ಅರ್ಜಿ ಹಾಕಿ.
‘ನಾನು ಕನ್ನಡ ಮೀಡಿಯಂ’ ಎಂಬ ಹಿಂಜರಿಕೆ ಬರೀ ಅಭ್ಯಾಸ. ವಾರಕ್ಕೊಂದು ಪೇಪರ್ ಓದಿ, ಒಂದು ಪುಟ ಕನ್ನಡದಲ್ಲೇ ಸಾರಾಂಶ ಬರೆಯಿರಿ. ಮೂರು ತಿಂಗಳಲ್ಲಿ ಭಯ ಬಿಡುತ್ತದೆ. ಬಿಎಸ್ಸಿಯವರು ಜಾಮ್‌ಗೆ, ಎಂಎಸ್ಸಿಯವರು ನೆಟ್, ಗೇಟ್‌ಗೆ ಕೂರಿ. ಸುರತ್ಕಲ್ಲಿನ ಎನ್‌ಐಟಿಕೆ, ಬೆಂಗಳೂರಿನ ಐಐಎಸ್‌ಸಿ ಎರಡರಲ್ಲೂ ಪಾಲಿಮರ್ ಮೆಂಬ್ರೇನ್ ಸಂಶೋಧನೆ ನಡೆಯುತ್ತಿದೆ. ಐಐಎಸ್‌ಸಿಯ ಇನ್ನೊಂದು ಕ್ಯಾಂಪಸ್ ನಮ್ಮ ಚಳ್ಳಕೆರೆಯಲ್ಲೇ ಇದೆ.

ಈ ಭಾನುವಾರವೇ ಹೆಜ್ಜೆ ಇಡಿ. ಊರಿನ ಘಟಕಕ್ಕೆ ಹೋಗಿ, ಮೆಂಬ್ರೇನ್ ಬದಲಿಸಿದ್ದು ಯಾವಾಗ, ಯಾಕೆ ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಲ್ಯಾಬ್ ನೋಟ್‌ಬುಕ್ಕಿನ ಮೊದಲ ಸಾಲು ಅದೇ ಆಗಲಿ.