ಕರ್ತೃಪದ–ಕ್ರಿಯಾಪದಗಳ ಹೊಂದಾಣಿಕೆ: ಇಂಗ್ಲಿಷ್ ಬೋಧನೆಗೆ ಕನ್ನಡದ ನೆರವು

ಇಂಗ್ಲಿಷ್ ವಾಕ್ಯದಲ್ಲಿ ಕರ್ತೃಪದಕ್ಕೆ ಕ್ರಿಯಾಪದ ಹೊಂದದಿದ್ದಾಗ ವಿದ್ಯಾರ್ಥಿಯ ಅಲಕ್ಷ್ಯವನ್ನು ದೂಷಿಸುವುದು ವಾಡಿಕೆ. ಆದರೆ ಅಂತಹ ತಪ್ಪುಗಳಲ್ಲಿ ಹಲವು, ಅವನು ಮನೆಮಾತಿನ ನಿಯಮವನ್ನು ನಿಷ್ಠೆಯಿಂದ ಪಾಲಿಸಿದುದರ ಫಲವಾಗಿರುತ್ತವೆ.

ಹೊಂದಾಣಿಕೆಯು ಕನ್ನಡದ ಮಕ್ಕಳಿಗೆ ಹೊಸತಲ್ಲ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಬಂದೆನು, ಬಂದನು, ಬಂದಳು, ಬಂದಿತು, ಬಂದರು ಎಂಬಲ್ಲಿ ಕರ್ತೃವಿಗೆ ತಕ್ಕಂತೆ ಕ್ರಿಯಾಪದದ ಕೊನೆ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಕೇಮ್’ ಒಂದೇ ಸಾಕು. ವರ್ತಮಾನದಲ್ಲಿ ಮಾತ್ರ ಪ್ರಥಮಪುರುಷ ಏಕವಚನಕ್ಕೆ ‘ಎಸ್’ ಸೇರುತ್ತದೆ: ‘ದ ಬಾಯ್ ರೀಡ್ಸ್’, ‘ದ ಬಾಯ್ಸ್ ರೀಡ್’. ನಾಮಪದದಲ್ಲಿ ಬಹುವಚನದ ಗುರುತಾದ ಅಕ್ಷರವೇ ಕ್ರಿಯಾಪದದಲ್ಲಿ ಏಕವಚನದ ಗುರುತಾಗುವುದರಿಂದ ಎಳೆಯರು ಗೊಂದಲಗೊಳ್ಳುವುದು ಸಹಜ.

ಎಡವುವ ಸ್ಥಳಗಳು ಮುಖ್ಯವಾಗಿ ಮೂರು.

ಮೊದಲನೆಯದು ಗೌರವಸೂಚಕ ಬಹುವಚನ. ‘ತಂದೆಯವರು ಬಂದಿದ್ದಾರೆ’ ಎನ್ನುವ ಮಗುವು ‘ಮೈ ಫಾದರ್ ಹ್ಯಾವ್ ಕಮ್’ ಎಂದು ಬರೆಯುತ್ತದೆ. ಮೈಸೂರಿನ ರಾಜೀವನಗರದಂತಹ ಬಡಾವಣೆಯಲ್ಲಿ ಉರ್ದು ಮನೆಮಾತಿನ ಮಕ್ಕಳಿಗೂ ಇದೇ ತೊಡಕು. ಆ ಭಾಷೆಯಲ್ಲಿಯೂ ಹಿರಿಯರಿಗೆ ಬಹುವಚನದ ಕ್ರಿಯಾಪದವೇ ಸಲ್ಲುತ್ತದೆ. ಇಂಗ್ಲಿಷಿನ ‘ಹ್ಯಾಸ್’ ಎಣಿಕೆಯನ್ನು ಹೇಳುತ್ತದೆಯೇ ಹೊರತು ಗೌರವವನ್ನು ಕಳೆಯುವುದಿಲ್ಲವೆಂದು ತಿಳಿಸಿದರೆ ಮಗುವಿನ ಅಳುಕು ನೀಗುತ್ತದೆ.

ಎರಡನೆಯದು ನಿಷೇಧ. ನಾನು ಬರುವುದಿಲ್ಲ, ಅವಳು ಬರುವುದಿಲ್ಲ, ಅವರು ಬರುವುದಿಲ್ಲ: ಕನ್ನಡದಲ್ಲಿ ರೂಪ ಒಂದೇ. ಆದುದರಿಂದಲೇ ‘ಶಿ ಡು ನಾಟ್ ಕಮ್’ ಎಂಬ ತಪ್ಪು ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ‘ಡು’, ‘ಡಸ್’ ಎಂಬ ಭೇದ ಇಲ್ಲಿಯೂ ಉಳಿಯುತ್ತದೆ.

ಮೂರನೆಯದು ಪದಗಳ ಕ್ರಮ. ‘ಪುಸ್ತಕಗಳ ಪಟ್ಟಿ ಇಲ್ಲಿದೆ’ ಎಂಬಲ್ಲಿ ಷಷ್ಠೀವಿಭಕ್ತಿಯ ಪದ ಮೊದಲು ಬಂದು, ಕರ್ತೃವಾದ ‘ಪಟ್ಟಿ’ ಕ್ರಿಯೆಯ ಕಡೆಗೆ ನಿಲ್ಲುತ್ತದೆ. ‘ದ ಲಿಸ್ಟ್ ಆಫ್ ಬುಕ್ಸ್ ಈಸ್ ಹಿಯರ್’ ಎಂಬಲ್ಲಿ ಕರ್ತೃ ಹಿಂದುಳಿದು, ‘ಬುಕ್ಸ್’ ಕ್ರಿಯಾಪದಕ್ಕೆ ತಾಗಿ ನಿಂತು ದಾರಿ ತಪ್ಪಿಸುತ್ತದೆ. ‘ಇಲ್ಲಿರುವುದು ಯಾವುದು?’ ಎಂದು ಪ್ರಶ್ನಿಸಿಕೊಂಡರೆ ‘ಪಟ್ಟಿ’ ಎಂಬ ಉತ್ತರ ದೊರೆತು ಸಂದೇಹ ಪರಿಹಾರವಾಗುತ್ತದೆ.

ಕೆಂಪು ಶಾಯಿಯ ಗೆರೆ ತಪ್ಪಿರುವ ಸ್ಥಳವನ್ನಷ್ಟೇ ತೋರಿಸಬಲ್ಲದು. ಅದರ ಕಾರಣವನ್ನು ತೋರಿಸಬೇಕಾದವರು ಅಧ್ಯಾಪಕರು. ಮಗುವಿನ ಮನೆಮಾತನ್ನು ಬಲ್ಲ ಅಧ್ಯಾಪಕರಿಗೆ ಇಂಗ್ಲಿಷ್ ಕಲಿಸುವ ಹಾದಿಯೂ ಸುಗಮವಾಗುತ್ತದೆ.